ಬೆಹ್‌ಬಹಾನ್ ಏರಿನಲ್ಲಿ ನಿಂತ ಕಾರು

ತೀರ್ ತಿಂಗಳು ೨೪, ಶುಕ್ರವಾರ

ಸಂಗತಿಗಳನ್ನು ಅವು ನಡೆದ ಕ್ರಮದಲ್ಲಿಯೇ ಬರೆದಿಡುತ್ತೇನೆ. ಉಳಿದವರು ತಮಗೆ ಬೇಕಾದ ಕ್ರಮದಲ್ಲಿ ಹೇಳಿಕೊಂಡು ತಿರುಗುತ್ತಿದ್ದಾರೆ.

೧. ನಿನ್ನೆ ನಾನೂ ನನ್ನ ಹೆಂಡತಿ ತೂರಾನಳೂ ಅಹ್ವಾಜ್‌ನಿಂದ ಬೆಹ್‌ಬಹಾನ್‌ಗೆ ಹೊರಟೆವು. ಅವಳ ಅಣ್ಣ ಹೂಶಂಗ್‌ನ ಮಗಳಿಗೆ ಸಂಜೆ ನಿಶ್ಚಿತಾರ್ಥವಿತ್ತು.

೨. ಹುಡುಗಿ ಆ ಸಂಜೆ ತೊಡಬೇಕಾಗಿದ್ದ ಉಡುಪನ್ನು ಹೊಲಿದವಳು ತೂರಾನ್. ಅದು ಬಿಳಿ ಬಟ್ಟೆಯಲ್ಲಿ ಸುತ್ತಿ ಹಿಂದಿನ ಸೀಟಿನ ಮೇಲಿತ್ತು.

೩. ರಾಮ್‌ಹೊರ್ಮೊಜ್ ದಾಟಿದ ಮೇಲಿನ ಏರಿನಲ್ಲಿ ನಮ್ಮ ಪೈಕಾನ್ ಕಾರು ನಿಂತಿತು. ಕಾರಣ ಸ್ಪಷ್ಟವಾಗಿದೆ. ಈ ಕಾರಿನ ಪೆಟ್ರೋಲ್ ಪಂಪು ಎಂಜಿನ್ನಿನ ಮೈಗೇ ಅಂಟಿಕೊಂಡಿದೆ. ಬೇಸಗೆಯಲ್ಲಿ ಎಂಜಿನ್ನಿನ ಕಾವು ಪಂಪಿಗೆ ಏರಿ ಪೆಟ್ರೋಲು ಕೊಳವೆಯೊಳಗೇ ಆವಿಯಾಗುತ್ತದೆ. ಪಂಪು ದ್ರವವನ್ನು ಎಳೆಯಬಲ್ಲದು, ಆವಿಯನ್ನು ಎಳೆಯಲಾರದು. ಕಾರ್ಬುರೇಟರ್ ಒಣಗುತ್ತದೆ. ಇದು ಚಾಲಕನ ತಪ್ಪಲ್ಲ.

೪. ಇಂಥ ಸಂದರ್ಭದಲ್ಲಿ ಜನ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಾರೆ. ನಾವು ತಂದ ನೀರನ್ನು ಅದಾಗಲೇ ಕುಡಿದಾಗಿತ್ತು.

೫. ಕಲ್ಲಂಗಡಿ ಹೇರಿದ ನೀಲಿ ಪಿಕಪ್ ಒಂದು ನಿಂತಿತು. ಅದರ ಚಾಲಕ ನೀರಿನ ಕ್ಯಾನ್ ಎತ್ತಿ ತೋರಿಸಿ, "ಬೇಕಾ ಯಜಮಾನ್ರೇ?" ಎಂದ. ಮೊದಲ ಸಲ ಕೇಳಿದಾಗ ಮರ್ಯಾದಸ್ಥರು ಹೇಳುವುದನ್ನೇ ನಾನೂ ಹೇಳಿದೆ: "ಬೇಡಪ್ಪ, ನಿನ್ ದಾರಿಗೆ ಬೇಕಾಗುತ್ತೆ." ಎರಡನೆಯ ಸಲ ಕೇಳುವುದು ಅವನ ಕರ್ತವ್ಯವಾಗಿತ್ತು. ಅವನು ಕೇಳದೆ ಕ್ಯಾನನ್ನು ಒಳಗಿಟ್ಟುಕೊಂಡ. ಮನೆಯಲ್ಲಿ ಅವನಿಗೆ ಏನು ಕಲಿಸಿದ್ದರೋ ತಿಳಿಯದು.

೬. ತೂರಾನ್ ಕೂಗಾಡಿದಳು. "ಎಂಜಿನ್ ತಾನಾಗೇ ತಣ್ಣಗಾಗ್ಲಿ. ಬಟ್ಟೆ ಕಾಯುತ್ತೆ" ಎಂದೆ. ಇದು ಸರಿಯಾದ ಮಾತು. ಬಟ್ಟೆ ಬಿಸಿಲಿಗೆ ಕೆಡುವ ವಸ್ತುವಲ್ಲ.

೭. ಅವಳು ಉಡುಪಿನ ಗಂಟನ್ನು ಎದೆಗವಚಿಕೊಂಡು ಪಿಕಪ್ ಹತ್ತಿದಳು. ಚಾಲಕ ಅವಳನ್ನೂ ಒಂದೇ ಸಲ ಕರೆದದ್ದು. ಅವಳು ಅಷ್ಟಕ್ಕೇ ಹತ್ತಿದಳು.

೮. ಎಂಜಿನ್ ತಣಿದ ಮೇಲೆ ನಾನು ಕಾರು ತಿರುಗಿಸಿ ಮನೆಗೆ ಬಂದೆ. ತಡವಾಗಿ ಹೋದವನು ಕ್ಷಮೆ ಕೇಳಬೇಕಾಗುತ್ತದೆ. ಕೇಳಬೇಕಾದವನು ನಾನಲ್ಲ.

ಇಂದು ಬೆಳಿಗ್ಗೆ ಹೂಶಂಗ್ ಫೋನ್ ಮಾಡಿದ. ಗಂಡಿನ ಕಡೆಯವರ ಮುಂದೆ ಹುಡುಗಿ ಪಕ್ಕದ ಮನೆಯವರ ಉಡುಪು ತೊಟ್ಟು ಕೂತಳಂತೆ. ಸಿಹಿ ಹಂಚುವ ಹೊತ್ತಿಗೆ ತೂರಾನ್ ಧೂಳು ಮೆತ್ತಿಕೊಂಡು ಕಲ್ಲಂಗಡಿಯ ನಡುವಿನಿಂದ ಇಳಿದಳಂತೆ. "ನಮ್ಮ ತಂಗೀನ ರೋಡಲ್ಲಿ ಇಳಿಸಿ ಹೋದ್ರಲ್ಲ ಭಾವನೋರೇ, ಬಾಡಿಗೆ ಎಷ್ಟು ಕೊಡ್ಬೇಕು ಹೇಳಿ" ಎಂದ. ನಾನು ರಿಸೀವರ್ ಇಟ್ಟೆ. ಅವನಿಗೆ ಕಬ್ಬಿಣದ ಅಂಗಡಿಯಿದೆ. ಮಾತೂ ಅದೇ ಅಂಗಡಿಯದು.

ತೀರ್ ೨೭, ಸೋಮವಾರ

ತೂರಾನ್ ಬಂದಿಲ್ಲ. ಬರುವುದಿಲ್ಲವೆಂದು ಹೂಶಂಗ್‌ನ ಹೆಂಡತಿಯಿಂದ ಹೇಳಿಸಿದ್ದಾಳೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಮುನಿದು ಅಣ್ಣನ ಮನೆಯಲ್ಲಿ ಕೂತದ್ದು ಇದೇ ಮೊದಲು.

ನಮ್ಮ ಕೆಳಗಿನ ಮಹಡಿಯ ಕೌಕಬ್ ಖಾನುಮ್‌ಗೆ ಎಲ್ಲವೂ ಗೊತ್ತಾಗಿದೆ. ಆಕೆ ಅಬಾದಾನಿನ ವಿಧವೆ. ನಮ್ಮ ಮನೆಯ ಒಡತಿ. ಕಾರ್ಖಾನೆಯಿಂದ ಬರುವಾಗ ಮೆಟ್ಟಿಲಿನಲ್ಲೇ ಹಿಡಿದಳು.

"ಇಂಜಿನಿಯರ್ ಸಾಹೇಬ್ರೇ, ಒಂದ್ ಡಬ್ಬಿ ಸಿಹಿ ತಗೊಂಡು ಹೋಗಿ ಕರ್ಕೊಂಡ್ ಬರ್ಬಾರ್ದಾ? ಮುನಿಸ್ಕೊಂಡ್ ಹೋದ ಹೆಂಡ್ತೀನ ಗಂಡ ಅಲ್ದೆ ಪೋಸ್ಟ್‌ಮ್ಯಾನ್ ತರ್ತಾನಾ?"

"ತಾವಾಗಿ ಹೋದವರು ತಾವಾಗಿ ಬರ್ತಾರೆ."

"ಬರ್ತಾರೆ ಬರ್ತಾರೆ. ನನ್ ತಲೇಲಿ ಕಪ್ಪು ಕೂದ್ಲೂ ಹಂಗೇ ಬರುತ್ತೆ!"

ಮೆಟ್ಟಿಲು ಹತ್ತಿದೆ. ತೊಂದರೆಯ ಮೂಲವನ್ನು ಸರಿಪಡಿಸುವುದೊಂದೇ ವಿವೇಕದ ದಾರಿ. ಆ ಮೂಲವೇ ಪಂಪು. ಎಂಜಿನ್ನಿನ ಮೇಲಿರುವುದನ್ನು ಕಿತ್ತು, ಹಿಂದೆ ಪೆಟ್ರೋಲ್ ಟ್ಯಾಂಕಿನ ಬಳಿ ವಿದ್ಯುತ್ ಪಂಪು ಕೂಡಿಸುತ್ತೇನೆ. ಟ್ಯಾಂಕಿನ ಕಡೆ ತಂಪಿರುತ್ತದೆ. ಅಲ್ಲಿಂದ ಪಂಪು ಪೆಟ್ರೋಲನ್ನು ಎಳೆಯುವ ಬದಲು ಮುಂದಕ್ಕೆ ತಳ್ಳುತ್ತದೆ. ಒತ್ತಡದಲ್ಲಿರುವ ಪೆಟ್ರೋಲು ಸುಲಭವಾಗಿ ಆವಿಯಾಗುವುದಿಲ್ಲ.

ಇದು ಯಾರಿಗಾಗಿಯೂ ಮಾಡುತ್ತಿರುವುದಲ್ಲ.

ತೀರ್ ೩೦, ಗುರುವಾರ

ಗುಜರಿ ಬಿಡಿಭಾಗಗಳ ಓಣಿಗೆ ಹೋಗಿದ್ದೆ. ಅಲ್ಲಿ ಎಲ್ಲರೂ ಕಿರುಚುತ್ತಾರೆ. ಒಬ್ಬ ಅಂಗಡಿಯವನು ಬೆರಳು ದಪ್ಪಕ್ಕೆ ಮಸಿ ಮೆತ್ತಿದ ಪಂಪೊಂದನ್ನು ನನ್ನ ಕೈಗೆ ತುರುಕಿದ.

"ಜರ್ಮನ್ ಕಾರಿಂದು ಸಾಹೇಬ್ರೇ! ಸಿಂಹ! ಪೆಟ್ರೋಲ್ನ ಮಾಳಿಗೆ ಮೇಲಕ್ಕೇ ತಳ್ತದೆ."

"ನನ್ನ ಕಾರ್ಬುರೇಟರ್ ಮಾಳಿಗೆ ಮೇಲಿಲ್ಲ."

ಆ ಪಂಪಿನ ಒತ್ತಡ ಕಾರ್ಬುರೇಟರ್‌ಗೆ ಬೇಕಾದುದಕ್ಕಿಂತ ಹತ್ತುಪಟ್ಟು ಹೆಚ್ಚು. ಒಳಗಿನ ಪುಟ್ಟ ಸೂಜಿಗವಾಟ ಆ ಒತ್ತಡವನ್ನು ತಡೆಯಲಾರದು. ಪೆಟ್ರೋಲು ಉಕ್ಕಿ ಬಿಸಿ ಎಂಜಿನ್ನಿನ ಮೇಲೆ ಸುರಿಯುತ್ತದೆ. ಇದನ್ನು ಅವನಿಗೆ ವಿವರಿಸಿದೆ. ಅವನು ಪಕ್ಕದವನ ಕಡೆ ತಿರುಗಿ ಕಣ್ಣು ಮಿಟುಕಿಸಿದ.

"ಮೆಲ್ಲಗೆ ತಳ್ಳೋದು ಬೇಕು ಅನ್ನಿ. ಅದಕ್ಕೆ ಹಿಂಗ್ಯಾಕೆ ಗದರ್ತೀರಿ? ಮನೇಲಿ ಯಾರ್ ಜೊತೆ ಜಗಳ ಆಡ್ಕೊಂಡ್ ಬಂದಿದೀರಿ ಸಾಹೇಬ್ರೇ?"

ಮೂರ್ಖ. ಆದರೆ ಅವನ ಡಬ್ಬಿಯ ತಳದಲ್ಲಿ ನನಗೆ ಬೇಕಾದದ್ದು ಸಿಕ್ಕಿತು: ಟಿಕ್‌ಟಿಕ್ ಎನ್ನುತ್ತ ಸಣ್ಣ ಒತ್ತಡದಲ್ಲಿ ತಳ್ಳುವ ಹಳೆಯ ಮಾದರಿ. ಸುಸ್ಥಿತಿಯಲ್ಲಿದೆ.

ತೀರ್ ೩೧, ಶುಕ್ರವಾರ

ಬೆಳಿಗ್ಗೆಯಿಂದ ಕಾರಿನ ಕೆಳಗೆ. ಹಳೆಯ ಪಂಪನ್ನು ಬಿಚ್ಚಿ, ಅದು ಕೂತಿದ್ದ ತೂತಿಗೆ ಲೋಹದ ತಟ್ಟೆ ಕತ್ತರಿಸಿ, ಗ್ಯಾಸ್ಕೆಟ್ ಇಟ್ಟು ಬಿಗಿದೆ; ಇಲ್ಲದಿದ್ದರೆ ಎಂಜಿನ್ ಆಯಿಲ್ ಹೊರಗೆ ಚೆಲ್ಲುತ್ತದೆ. ಹೊಸ ಪಂಪನ್ನು ಟ್ಯಾಂಕಿನ ತಳಕ್ಕಿಂತ ಕೆಳಗೆ ಕೂಡಿಸಿ, ಅದರ ಮುಂದೆ ಫಿಲ್ಟರ್ ಹಾಕಿದೆ. ಆಯಿಲ್ ಒತ್ತಡ ಇರುವಾಗ ಮಾತ್ರ ಪಂಪಿಗೆ ಕರೆಂಟು ಹೋಗುವಂತೆ ಸ್ವಿಚ್ ಜೋಡಿಸಿದೆ. ಎಂಜಿನ್ ನಿಂತರೆ ಪಂಪೂ ನಿಲ್ಲಬೇಕು. ನಿಲ್ಲದ ಪಂಪು ಅಪಘಾತದಲ್ಲಿ ಬೆಂಕಿಗೆ ಪೆಟ್ರೋಲು ಸುರಿಯುತ್ತಲೇ ಇರುತ್ತದೆ. ಹೂಶಂಗ್‌ನಂಥವರಿಗೂ ಇಂಥದೊಂದು ಸ್ವಿಚ್ ಇರಬೇಕಾಗಿತ್ತು.

ಕೌಕಬ್ ಖಾನುಮ್ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ನೋಡಿದಳು. ನಾಟಕಕ್ಕೆ ಬಂದವರು ಹೀಗೆ ಕೂರುತ್ತಾರೆ.

"ಕಾರಿನ ಕೆಳಗೇ ಮನೆ ಮಾಡ್ಕೊಂಡ್ರಾ ಸಾಹೇಬ್ರೇ? ಬಾಡಿಗೆ ಬೇರೆ ಕೊಡ್ಬೇಕಾಗುತ್ತೆ."

"ಪಂಪ್ ಬದಲಾಯಿಸ್ತಿದೀನಿ, ಖಾನುಮ್."

"ಅದ್ಯಾಕೆ? ನಮ್ ಯಜಮಾನ್ರು, ಸ್ವರ್ಗದಲ್ಲಿ ತಣ್ಣಗಿರ್ಲಿ, ಪಂಪಿಗೆ ಒದ್ದೆ ಟವೆಲ್ ಸುತ್ಕೊಂಡು ಅಬಾದಾನಿಂದ ಲಂಡನ್‌ಗೆ ಹೋಗ್‌ಬಂದಿದ್ರು. ವಾಪಸ್ ಬಂದಾಗ್ಲೂ ಟವೆಲ್ ಒಣಗಿರ್ಲಿಲ್ಲ!"

ಬಡಾಯಿಗೆ ಹೆಸರಾದ ಅಬಾದಾನಿನವರ ಬಾಯಲ್ಲಿ ಯಾವ ಟವೆಲೂ ಒಣಗುವುದಿಲ್ಲ.

ಮಧ್ಯಾಹ್ನ ಚಾಲೂ ಮಾಡಿದೆ. ಓಣಿಯ ತಿರುವಿನಲ್ಲಿ ಎಂಜಿನ್ ನಿಂತಿತು. ಮೇಲಿನಿಂದ ಚಪ್ಪಾಳೆ ಕೇಳಿಸಿತು. ನೋಡಿದರೆ, ಪಂಪಿನ ಅರ್ತಿಂಗ್ ತಂತಿಯನ್ನು ಕಾರಿನ ಮೈಯ ಬಣ್ಣದ ಮೇಲೆಯೇ ಬಿಗಿದಿದ್ದೆ. ಬಣ್ಣ ಕೆರೆದು ಬರಿಯ ಲೋಹಕ್ಕೆ ಬಿಗಿದ ಮೇಲೆ ಓಡಿತು. ಇಂಥ ತಪ್ಪನ್ನು ನಾನು ಮಾಡುವುದಿಲ್ಲ. ಗಮನ ಎಲ್ಲಿತ್ತೋ ತಿಳಿಯದು.

ಮುರ್ದಾದ್ ತಿಂಗಳು ೧, ಶನಿವಾರ

ಫೋನ್ ಬರಲಿಲ್ಲ. ನಾನೂ ಮಾಡಲಿಲ್ಲ. ಅನ್ನ ತಳ ಹಿಡಿಯಿತು.

ಮುರ್ದಾದ್ ೪, ಮಂಗಳವಾರ

ಹೂಶಂಗ್ ಬಂದಿದ್ದ. ಫೋನ್ ಸಹ ಮಾಡದೆ, ತನ್ನ ಅಂಗಡಿಯ ಪಿಕಪ್ ತಂದು ಬಾಗಿಲಿಗೆ ಅಡ್ಡ ನಿಲ್ಲಿಸಿ ಮೇಲೆ ಬಂದ. ಶತ್ರುವಾದರೂ ಅತಿಥಿ, ಚಹಾ ಇಟ್ಟೆ.

"ಚಹಾ ತಗೊಳ್ಳಿ."

"ಬೇಡ ಭಾವನೋರೇ, ಕುಡಿಯಕ್ಕೆ ಬಂದಿಲ್ಲ."

ನಾನು ಎರಡನೆಯ ಸಲ ಕೇಳಲಿಲ್ಲ. ಎರಡೂ ಲೋಟಗಳನ್ನು ನಾನೇ ಕುಡಿದೆ. ಅವನು ನನ್ನ ಕೈಯನ್ನೇ ನೋಡುತ್ತಿದ್ದ. ಅವನ ಗಂಟಲೊಣಗಿತ್ತು, ಅದು ಕಾಣುತ್ತಿತ್ತು. ಅಹ್ವಾಜ್‌ನಲ್ಲಿ ಇಂದಿನ ಬಿಸಿಲು ನಾಯಿಗೂ ಬೇಡ.

"ತೂರಾನ್ ಹೊಲಿಗೆ ಮಿಷಿನ್ ಬೇಕಂತೆ. ತಗೊಂಡ್ ಹೋಗಕ್ಕೆ ಬಂದಿದೀನಿ."

"ಯಾಕೆ?"

"ಯಾಕೆ ಅಂತ ಕೇಳ್ತೀರಾ? ಹೊಲಿಯಕ್ಕೆ. ನಿಮ್ ತರ ಅದನ್ನೂ ಬಿಚ್ಚಿ ನೋಡಕ್ಕಲ್ಲ."

"ಮಿಷಿನ್ ಅವಳದು. ಅವಳೇ ಬಂದು ಕೇಳ್ಲಿ."

"ಅವಳು ನಿಮ್ ಹತ್ರ ಇನ್ನು ಏನೂ ಕೇಳಲ್ಲ ಮಾರಾಯ್ರೇ! ಅದನ್ನೇ ಹೇಳಕ್ಕೆ ಬಂದೆ. ನಮ್ಮೂರ ಬಜಾರ್ ಹಿಂದೆ ಒಂದು ರೂಮ್ ನೋಡಿದಾಳೆ. ತಿಂಗ್ಳ ಕೊನೆಗೆ ಹೋಗ್ತಾಳೆ. ಆಮೇಲೆ ನೀವು ಸಿಹಿ ತರ್ತೀರೋ ಪಂಪ್ ತರ್ತೀರೋ, ಬಾಗ್ಲು ತೆಗ್ಯಕ್ಕೆ ನಾನಿರಲ್ಲ."

ಅವನ ಪಿಕಪ್‌ನಲ್ಲಿ ಕಬ್ಬಿಣದ ಸಲಾಕೆಗಳು ಉರುಳಾಡುತ್ತಿದ್ದವು. ಯಂತ್ರವನ್ನು ಅದರಲ್ಲಿ ಸಾಗಿಸಿದರೆ ರಾಮ್‌ಹೊರ್ಮೊಜ್ ಮುಟ್ಟುವ ಮೊದಲೇ ಅದರ ಕಾಲು ಮುರಿಯುತ್ತದೆ. ಕೊಡುವುದಿಲ್ಲ ಎಂದೆ. ಅವನು ಮೆಟ್ಟಿಲಿಳಿಯುತ್ತ ನನ್ನ ತಂದೆಯ ಹೆಸರೆತ್ತಿ ಏನೋ ಅಂದ. ಕೌಕಬ್ ಖಾನುಮ್ ಅವನಿಗೆ ತಣ್ಣನೆಯ ಶರಬತ್ತು ಕೊಟ್ಟು ಕಳಿಸಿದಳೆಂದು ಆಮೇಲೆ ತಿಳಿಯಿತು. ಈ ಮನೆಯಲ್ಲಿ ಯಾರು ಯಾರ ಕಡೆಯೋ!

ತಿಂಗಳ ಕೊನೆ ಎಂದ.

ಮುರ್ದಾದ್ ೫, ಬುಧವಾರ

ಪಂಪಿನ ಟಿಕ್‌ಟಿಕ್ ಕಾರಿನೊಳಗೆ ಕೇಳುತ್ತದೆ. ಶಬ್ದಕ್ಕೆ ತಾಂತ್ರಿಕ ಮಹತ್ವವಿಲ್ಲ. ಆದರೂ ಪಂಪನ್ನು ಬಿಚ್ಚಿ, ಹಳೆಯ ಟಯರಿನಿಂದ ಕತ್ತರಿಸಿದ ರಬ್ಬರಿನ ಮೇಲೆ ಕೂಡಿಸಿದೆ. ಇನ್ನೂ ಕೇಳಿತು. ಎರಡು ಪದರ ಹಾಕಿದೆ. ಹಿಂದಿನ ಸೀಟಿನಲ್ಲಿ ಕೂತು ಆಲಿಸಿದೆ. ಮುಂದಿನ ಎಡಸೀಟಿನಲ್ಲಿ, ಬಲಸೀಟಿನಲ್ಲಿ ಕೂತು ಆಲಿಸಿದೆ. ಈಗ ಪರವಾಗಿಲ್ಲ. ತಲೆನೋವು ಬರುವವರಿಗೂ ತೊಂದರೆಯಾಗದು.

ಇಲ್ಲಿ ಎಲ್ಲ ಪೈಕಾನ್‌ಗಳಲ್ಲಿಯೂ ಇರುವಂತೆ ಕಳ್ಳರ ಭಯಕ್ಕೆ ಒಂದು ಗುಪ್ತ ಸ್ವಿಚ್ ಕೂಡ ಹಾಕಿದೆ: ಅದನ್ನು ಒತ್ತದೆ ಪಂಪು ಓಡದು. ಚಾಲಕನ ಸೀಟನ್ನು ಮುಂದಕ್ಕೆ ಸರಿಸಿ ಜಾಗ ಗುರುತು ಮಾಡಿದ್ದರಿಂದ ಸ್ವಿಚ್ ತೀರಾ ಹತ್ತಿರ ಬಂದಿದೆ. ನಾನು ಮೊಣಕೈ ಮಡಚಿ ಒತ್ತಬೇಕು. ಕುಳ್ಳಗಿನವರಿಗೆ ಸರಿಯಾಗುತ್ತದೆ. ಬದಲಿಸಲಿಲ್ಲ. ತೂರಾನಳಿಗೆ ಚಾಲನಾ ಪರವಾನಗಿ ಇದೆ. ಇದುವರೆಗೆ ಅದನ್ನು ಬಳಸುವ ಅಗತ್ಯ ಬಿದ್ದಿಲ್ಲ. ನಾನಿದ್ದೆ.

ಮುರ್ದಾದ್ ೭, ಶುಕ್ರವಾರ

ಪರೀಕ್ಷೆ.

ಪಂಪನ್ನು ಬೆಳಗಿನ ತಂಪಿನಲ್ಲಿ ಪರೀಕ್ಷಿಸುವುದು ಆತ್ಮವಂಚನೆ. ನಡುಹಗಲಿನ ಬಿಸಿಲಿಗೆ ಸರಿಯಾಗಿ ಏರು ತಲುಪುವಂತೆ ಹೊರಟೆ. ಕಾರು ಅಂದು ನಿಂತ ಜಾಗದಲ್ಲಿ ಸದ್ದೂ ಮಾಡದೆ ಏರಿತು. ಅಷ್ಟು ಸಾಲದು. ಓಡುವಾಗಿನದಕ್ಕಿಂತ ಎಂಜಿನ್ ನಿಲ್ಲಿಸಿದ ಮೇಲೆ ಏರುವ ಕಾವೇ ಹೆಚ್ಚು ಕೆಟ್ಟದ್ದು. ಆದ್ದರಿಂದ ಅಲ್ಲಿಯೇ ನಿಲ್ಲಿಸಿ, ಬಾನೆಟ್ ಮುಚ್ಚಿಟ್ಟು, ರಸ್ತೆಯ ಅಂಚಿನಲ್ಲಿ ಕಾದೆ.

ಅಲ್ಲಿ ನೆರಳಿಲ್ಲ. ಅಂದು ಇದನ್ನು ಗಮನಿಸಿರಲಿಲ್ಲ; ಅಂದು ನಾನು ಎತ್ತಿದ ಬಾನೆಟ್‌ನ ನೆರಳಿನಲ್ಲಿದ್ದೆ. ಇಂದು ಅವಳು ನಿಂತಿದ್ದ ಕಡೆ ನಿಂತೆ. ಚಪ್ಪಲಿಯ ಅಡಿಯಿಂದ ಡಾಂಬರು ಸುಡುತ್ತದೆ. ಕತ್ತಿನ ಹಿಂಭಾಗ ಸುಡುತ್ತದೆ. ಕೈಯಲ್ಲಿ ಏನನ್ನಾದರೂ ಕೆಳಗಿಡದೆ ಹಿಡಿದುಕೊಂಡಿದ್ದರೆ ಇನ್ನೂ ಕಷ್ಟವಾಗುತ್ತಿತ್ತು.

ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಚಾಲೂ ಆಯಿತು.

ಹಿಂದಿರುಗಬಹುದಾಗಿತ್ತು. ಪರೀಕ್ಷೆಗೆ ಇನ್ನಷ್ಟು ದೂರ ಬೇಕೆನಿಸಿತು. ಬೆಹ್‌ಬಹಾನ್‌ನ ಹೊರ ವೃತ್ತದವರೆಗೆ ಹೋದೆ. ಅಲ್ಲಿ ಒಂದು ಅಂಗಡಿಯಲ್ಲಿ ದೂಘ್ ಮಜ್ಜಿಗೆ ಕುಡಿದೆ, ಉಪ್ಪು ಹೆಚ್ಚಾಗಿತ್ತು. ಎದುರಿಗೆ ಸಿಹಿ ತಿಂಡಿಯ ಅಂಗಡಿ ತೆರೆದಿತ್ತು. ಕಾರು ತಿರುಗಿಸಿ ಬಂದೆ. ಪಂಪು ಹೋಗುವಾಗ ಬರುವಾಗ ಒಂದೇ ರೀತಿ ಕೆಲಸ ಮಾಡಿತು.

ಪರೀಕ್ಷೆ ಪೂರ್ಣ ಯಶಸ್ವಿ. ಹೇಳಿಕೊಳ್ಳಲು ಯಾರೂ ಇಲ್ಲದಿರುವುದು ಬೇರೆ ವಿಷಯ.

ಮುರ್ದಾದ್ ೯, ಭಾನುವಾರ

ಸಂಜೆ ಫೋನ್ ಬಂತು. ತೂರಾನ್. ಅವಳು ಹೋದ ಮೇಲೆ ನನ್ನ ಜೊತೆ ಮಾತಾಡಿದ್ದು ಇದೇ ಮೊದಲು. ನಡೆದ ಮಾತನ್ನು ಹಾಗೆಯೇ ಬರೆಯುತ್ತೇನೆ.

"ಶುಕ್ರವಾರ ವೃತ್ತದ ತನಕ ಬಂದಿದ್ರಂತೆ. ಹೂಶಂಗಣ್ಣನ ಅಂಗಡಿ ಹುಡುಗ್ರು ನೋಡಿದಾರೆ."

"ಹೌದು."

"ಯಾಕ್ ಬಂದಿದ್ರಿ?"

"ಪಂಪ್ ಟೆಸ್ಟ್ ಮಾಡಕ್ಕೆ."

ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಪಾಸಾಯ್ತಾ?"

"ಆಯ್ತು. ಏರಲ್ಲಿ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡ್ದೆ. ಒಂದೇ ಸಲಕ್ಕೆ..."

"ಸಂತೋಷ. ಪಂಪಿಗೆ ನನ್ ಕಡೆಯಿಂದ ಶುಭಾಶಯ ಹೇಳಿ. ಈಗ ನನ್ ಮಿಷಿನ್ ಕಳ್ಸಿ. ಇಲ್ಲಿ ಹುಡುಗೀರು ಹೊಲಿಗೆ ಕಲೀತೀವಿ ಅಂತ ಕೇಳ್ತಿದಾರೆ."

"ಹೂಶಂಗ್ ಪಿಕಪ್ ಸರಿಯಿಲ್ಲ. ಮಿಷಿನ್ ಕಾಲು..."

"ಎಸ್ಫಂದ್ಯಾರ್." ಅವಳು ನನ್ನ ಹೆಸರು ಹಿಡಿದು ಕರೆಯುವುದು ಅಪರೂಪ. "ಆ ಹುಡುಗಿ ಅವತ್ತು ಬೇರೆಯವರ ಬಟ್ಟೇಲಿ ಕೂತಿದ್ಲು. ನಾನು ಒಳಗೆ ಹೋದಾಗ ನನ್ ಕೈಲಿರೋ ಗಂಟು ನೋಡಿ ಅತ್ಬಿಟ್ಲು, ಎಲ್ರ ಮುಂದೆ. ಅವಳ ಬಗ್ಗೆ ನೀವು ಅವತ್ತೂ ಕೇಳ್ಲಿಲ್ಲ, ಇವತ್ತೂ ಕೇಳ್ಲಿಲ್ಲ. ಪಂಪಿನ ಕಥೆ ಮಾತ್ರ ಪೂರ್ತಿ ಹೇಳಿದ್ರಿ. ಬಟ್ಟೆ ಕಾಯುತ್ತೆ ಅಂದ್ರಲ್ಲ, ಕಾಯುತ್ತೆ. ನನಗೆ ಕಾದು ಸಾಕಾಯ್ತು."

ಫೋನ್ ಇಟ್ಟಳು.

ಅವಳ ಆಪಾದನೆಗೆ ಉತ್ತರಗಳನ್ನು ಬರೆಯಲು ಕೂತೆ. ಮೊದಲನೆಯದು ಬರೆದೆ, ಹೊಡೆದುಹಾಕಿದೆ.

ಮುರ್ದಾದ್ ೧೦, ಸೋಮವಾರ

ಹೂಶಂಗ್‌ನ ಅಂಗಡಿ ಹುಡುಗರು ಕೆಲಸ ಬಿಟ್ಟು ದಾರಿ ಕಾಯುತ್ತಾರೆ. ಅಂಗಡಿ ಮುಳುಗಲಿ.

ಮುರ್ದಾದ್ ೧೩, ಗುರುವಾರ

ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿ ಹೊಲಿಗೆ ಯಂತ್ರವನ್ನು ಸಾಗಾಟಕ್ಕೆ ಸಿದ್ಧಪಡಿಸಿದೆ. ಇಪ್ಪತ್ತು ವರ್ಷ ಈ ಕೋಣೆಯ ಮೂಲೆಯಲ್ಲಿ ಓಡಿದ ಯಂತ್ರವನ್ನು ನಾನು ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ. ಅಗತ್ಯ ಬೀಳಲಿಲ್ಲ: ಪ್ರತಿ ಚಲಿಸುವ ಭಾಗಕ್ಕೂ ಎಣ್ಣೆ ಬಿದ್ದಿದೆ. ಸೂಜಿಗಳು ಅಳತೆಯ ಪ್ರಕಾರ ಬಟ್ಟೆಯ ತುಂಡಿಗೆ ಚುಚ್ಚಿವೆ. ಚಕ್ರ ತಿರುಗಿಸುವ ಪಟ್ಟಿ ಸವೆದ ಕಡೆ ಅವಳೇ ಚರ್ಮದ ತೇಪೆ ಹಾಕಿದ್ದಾಳೆ. ಜೋಡಣೆ ಓರೆಯಾಗಿ, ಸರಿಯಾಗಿ ಮಾಡಿದ್ದಾಳೆ. ನೇರವಾಗಿ ಕತ್ತರಿಸಿದ್ದರೆ ಚಕ್ರದ ಮೇಲೆ ಹಾಯುವಾಗ ಎಗರುತ್ತಿತ್ತು. ನಾನೂ ಹೀಗೆಯೇ ಮಾಡುತ್ತಿದ್ದೆ.

ಪೆಡಲು ಸರಾಗವಾಗಿದೆಯೇ ನೋಡಲು ಕಾಲಿಟ್ಟು ತುಳಿದೆ. ಯಂತ್ರ ಓಡತೊಡಗಿತು. ನಿಲ್ಲಿಸಲು ಕಾರಣವಿಲ್ಲದ್ದರಿಂದ ಸ್ವಲ್ಪ ಹೊತ್ತು ತುಳಿಯುತ್ತಲೇ ಇದ್ದೆ.

ಮೆಟ್ಟಿಲಿನ ಮೇಲೆ ದಡದಡ ಸದ್ದಾಯಿತು. ಕೌಕಬ್ ಖಾನುಮ್ ಬಾಗಿಲು ತಟ್ಟದೆಯೇ ಒಳಗೆ ನುಗ್ಗಿದಳು. ತಲೆವಸ್ತ್ರ ಹೆಗಲಿಗೆ ಜಾರಿತ್ತು. ಹಿಟ್ಟು ಮೆತ್ತಿದ ಎರಡೂ ಕೈ ಚಾಚಿ ಬಂದಿದ್ದಳು, ಅಪ್ಪಿಕೊಳ್ಳಲು.

"ತೂರಾನ್ ಜಾನ್! ಬಂದ್ಯಾ ನನ್ ಕಂದಾ!"

ನನ್ನನ್ನು ಕಂಡು ಅಲ್ಲೇ ನಿಂತಳು. ಕೈಗಳು ಹಾಗೆಯೇ ಗಾಳಿಯಲ್ಲಿದ್ದವು. ನಾನು ಪೆಡಲಿನಿಂದ ಕಾಲು ತೆಗೆದೆ.

ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ಲಂಡನ್ನಿನ ಕಥೆಯನ್ನೂ ಹೇಳಲಿಲ್ಲ. ಹೊಸ್ತಿಲ ಮೇಲೆ ಕುಸಿದು ಕೂತಳು.

"ಮಕ್ಳಿಲ್ದಿರೋ ಮನೆ ಅಂತಾರೆ ಜನ ನಿಮ್ ಮನೇನ. ನನಗೆ ಯಾವತ್ತೂ ಹಂಗನ್ನಿಸ್ಲಿಲ್ಲ ನೋಡಿ. ದಿನಾ ತಲೆ ಮೇಲೆ ಈ ಸದ್ದು ಕೇಳ್ತಿತ್ತಲ್ಲ. ಅವಳು ಹೋದ್ಮೇಲೆ ಗೊತ್ತಾಯ್ತು, ಸದ್ದೆಲ್ಲ ಅವಳದೇ. ನಿಮ್ದು ಒಂದೂ ಇರ್ಲಿಲ್ಲ."

"ನಾನು ಮಾತು ಕಡಿಮೆ, ಖಾನುಮ್."

"ಗೊತ್ತು. ನಮ್ ಕಾಂಪೌಂಡ್ ಗೋಡೇನೂ ಹಂಗೇ. ಅದಕ್ಯಾರೂ ಹೆಣ್ಣು ಕೊಟ್ಟಿಲ್ಲ."

ಎದ್ದು ಹೋದಳು. ಬಾಗಿಲಿನ ಹಿಡಿಗೆ ಹಿಟ್ಟು ಅಂಟಿತ್ತು, ಒರೆಸಿದೆ. ಆಕೆಯ ಮಾತು ಒರಟು. ಹೋಲಿಕೆಯೂ ಸರಿಯಿಲ್ಲ. ಆದರೆ ಗೋಡೆಯ ಎರಡೂ ಬದಿಯನ್ನು ಬಲ್ಲವಳು ಆಕೆಯೊಬ್ಬಳೇ.

ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ ಹಿಂದಿನ ಸೀಟಿನ ಮೇಲೆ ಮಲಗಿಸಿದ್ದೇನೆ. ಅದರ ಕಬ್ಬಿಣ ನನ್ನ ಸೊಂಟ ಹಿಡಿಸಿತು. ಮುಂದೆ ಎರಡು ಕ್ಯಾನ್ ನೀರಿಟ್ಟಿದ್ದೇನೆ. ಹೂಶಂಗ್ ಬಾಗಿಲಲ್ಲಿ ಏನು ಹೇಳುತ್ತಾನೆಂಬುದನ್ನು ಊಹಿಸಬಲ್ಲೆ. ಹೇಳಲಿ. ಅವನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಬದಲಾಗುವುದೂ ಇಲ್ಲ. ಅವನ ಮಗಳ ಹತ್ತಿರ, ತಡವಾಗಿ ಹೋದವನು ಕೇಳಬೇಕಾದ ಆ ಒಂದು ಮಾತು ಕೇಳುವುದಿದೆ. ಅದನ್ನು ಅವನ ಎದುರಿಗೇ ಕೇಳಬೇಕಾಗುತ್ತದೆ.

ನಿರ್ಧರಿಸಿದ್ದು ಇಷ್ಟು. ನಾಳೆ ಯಂತ್ರವನ್ನು ನಾನೇ ಬೆಹ್‌ಬಹಾನ್‌ಗೆ ಒಯ್ದು, ತೂರಾನ್ ಹೇಳುವ ಕೋಣೆಯಲ್ಲಿ, ಅವಳು ತೋರಿಸುವ ಕಡೆ ಇಡುತ್ತೇನೆ. ಮನೆಗೆ ಬಾ ಎಂದು ಕರೆಯುವುದಿಲ್ಲ. ಇರು ಎಂದರೆ ಇರುತ್ತೇನೆ. ಹೋಗು ಎಂದರೆ ಬಸ್ಸಿನಲ್ಲಿ ಹಿಂದಿರುಗುತ್ತೇನೆ. ಎರಡರಲ್ಲಿ ಯಾವುದೇ ಆದರೂ ಕಾರು ಅವಳ ಬಳಿಯೇ ಉಳಿಯುತ್ತದೆ.